ನಲವತ್ತು ಹೆಜ್ಜೆಗೊಂದು ಕೋಟು

ನನ್ನ ಬಳಿ ಇರುವುದು ಒಂದೇ ಕೋಟು. ಮಗಳ ಮದುವೆಯ ಆರತಕ್ಷತೆಗೆಂದು ಮೈಸೂರಿನ ದರ್ಜಿಯೊಬ್ಬ ಹೊಲಿದುಕೊಟ್ಟದ್ದು. ಆ ರಾತ್ರಿ ಮೂರು ಗಂಟೆ ಹೊತ್ತು ವೇದಿಕೆಯ ಮೇಲೆ ನನ್ನ ಜೊತೆ ಬೆವರಿ, ಮರುದಿನ ನುಸಿಗುಳಿಗೆಯ ಜೊತೆ ಬೀರು ಸೇರಿದ್ದು, ಆರು ವರ್ಷ ಹೊರಗೆ ತಲೆಹಾಕಿರಲಿಲ್ಲ. ಮಗಳ ಬಾಣಂತನಕ್ಕೆಂದು ನಾವಿಬ್ಬರೂ ಟೋಕಿಯೋಗೆ ಹೊರಟಾಗ ನನ್ನ ಹೆಂಡತಿ ಲೇಹ್ಯ, ಬಜೆ, ಮೆಂತ್ಯದಹಿಟ್ಟು, ಚಟ್ನಿಪುಡಿಗಳ ನಡುವೆ ಈ ಕೋಟನ್ನೂ ಮಡಿಸಿ ತುರುಕಿದಳು.

"ಇದ್ಯಾಕೇ? ನಾನೇನು ಚಕ್ರವರ್ತಿಗಳ ದರ್ಶನಕ್ಕೆ ಹೋಗ್ತಿದೀನಾ?" ಎಂದೆ.

"ಇರಲಿ ರೀ, ದೊಡ್ಡ ಊರು. ಯಾರಾದ್ರೂ ಎಲ್ಲಿಗಾದ್ರೂ ಕರೀತಾರೆ."

ಬಾಣಂತನದ ಮನೆಯಲ್ಲಿ ಗಂಡಸಿನಷ್ಟು ನಿರುಪಯುಕ್ತ ವಸ್ತು ಇನ್ನೊಂದಿಲ್ಲ. ಹಳೇ ಪಂಚೆಯಾದರೂ ಮಗುವಿನ ಕೆಳಗೆ ಹಾಸಲು ಬರುತ್ತದೆ. ಅದನ್ನು ಉಟ್ಟವನು ಯಾವುದಕ್ಕೂ ಬರುವುದಿಲ್ಲ. ಎರಡು ಕೋಣೆಯ ಆ ಮನೆಯಲ್ಲಿ ನಾನು ಎಲ್ಲಿ ನಿಂತರೂ ಯಾರಿಗಾದರೂ ಅಡ್ಡ. ಮಗು ಮಲಗಿದ್ದಾಗ ಕೆಮ್ಮುವಂತಿಲ್ಲ, ಎದ್ದಾಗ ಎತ್ತಿಕೊಳ್ಳುವಂತಿಲ್ಲ. ಹದಿನೈದನೇ ದಿನ ತೆಳುಗೋಡೆಯಾಚೆಯಿಂದ ಮಗಳ ದನಿ ಕೇಳಿಸಿತು: "ಅಪ್ಪನ್ನ ಒಂದಿನ ಎಲ್ಲಿಗಾದ್ರೂ ಕರ್ಕೊಂಡು ಹೋಗಿ, ಪ್ಲೀಸ್."

ಹಾಗೆ ಗೊತ್ತಾದದ್ದು ಈ ಗಾಲ್ಫ್. ಅಳಿಯಂದಿರ ಕಚೇರಿಯಲ್ಲಿ ಹಿಂದೆ ಮೇಲಧಿಕಾರಿಯಾಗಿದ್ದು ಈಗ ಸಲಹೆಗಾರರಾಗಿರುವ ಎಪ್ಪತ್ತನಾಲ್ಕರ ಹಿರಿಯರೊಬ್ಬರು ಸೈತಾಮ ಪ್ರಾಂತದ ಹಳೆಯ ಕ್ಲಬ್ಬೊಂದರ ಸದಸ್ಯರು. ಅವರು, ಅವರ ಗೆಳೆಯರೊಬ್ಬರು, ನಮ್ಮ ಅಳಿಯ ಆಡುವುದು. ನಾನು ಜೊತೆಗೆ ಸುಮ್ಮನೆ ನಡೆಯುವುದು. ಸುಮ್ಮನೆ ನಡೆಯುವುದು ಎಂದೆನಲ್ಲ, ಅದು ಅಷ್ಟು ಸಲೀಸಲ್ಲ. ಆಡದವನನ್ನು ಒಳಗೆ ಬಿಡುವುದು ಅಲ್ಲಿ ರೂಢಿಯಲ್ಲವಂತೆ. ಹಿರಿಯರು ಎರಡು ವಾರ ಮೊದಲೇ ಕ್ಲಬ್ಬಿಗೆ ಪತ್ರ ಬರೆದು, ನನ್ನ ಹೆಸರು, ವಯಸ್ಸು, ನಾನು ಯಾರ ಮಾವ ಎಂಬ ವಿವರಗಳನ್ನೆಲ್ಲ ಕೊಟ್ಟು ಅನುಮತಿ ಪಡೆದರು. ಏನೂ ಮಾಡದಿರಲು ಅನುಮತಿ ಪಡೆದದ್ದು ನನ್ನ ಜೀವನದಲ್ಲಿ ಅದೇ ಮೊದಲು; ಮೂವತ್ತಮೂರು ವರ್ಷ ಜೀವವಿಮೆಯ ಕಚೇರಿಯಲ್ಲಿದ್ದಾಗ ಅನುಮತಿ ಇಲ್ಲದೆಯೇ ನಡೆದುಹೋಗಿತ್ತು. ಅನುಮತಿಯ ಜೊತೆಗೆ ಒಂದು ಪುಟದ ಉಡುಪಿನ ನಿಯಮ ಬಂತು. ಜೀನ್ಸ್ ಸಲ್ಲದು, ಚಪ್ಪಲಿ ಸಲ್ಲದು, ಅಂಗಿಗೆ ಕಾಲರ್ ಇರಬೇಕು, ಅಂಗಿಯನ್ನು ಪ್ಯಾಂಟಿನೊಳಗೆ ಸಿಕ್ಕಿಸಿರಬೇಕು. ಬರುವಾಗ ಹೋಗುವಾಗ ಕೋಟು ಕಡ್ಡಾಯ.

"ನೋಡಿದ್ರಾ?" ಎಂದಳು ನನ್ನ ಹೆಂಡತಿ. ಗೆದ್ದವರ ದನಿ ಮೆಲ್ಲಗೇ ಇರುತ್ತದೆ.

ನವೆಂಬರಿನ ಒಂದು ಶನಿವಾರ, ಇನ್ನೂ ಕತ್ತಲಿರುವಾಗಲೇ ಹೊರಟೆವು. ಗಾಲ್ಫ್ ಚೀಲವನ್ನು ಅಳಿಯಂದಿರು ಎರಡು ದಿನ ಮೊದಲೇ ಕೊರಿಯರಿನಲ್ಲಿ ಕಳಿಸಿದ್ದರು. ಆ ದೇಶದಲ್ಲಿ ಗಾಲ್ಫ್ ಚೀಲಗಳಿಗೆಂದೇ ಪ್ರತ್ಯೇಕ ಕೊರಿಯರ್ ಸೇವೆಯುಂಟು. ನೀವು ತಲುಪುವ ಮೊದಲೇ ನಿಮ್ಮ ಚೀಲ ಅಲ್ಲಿ ಸಾಲಿನಲ್ಲಿ ನಿಂತು ಕಾಯುತ್ತಿರುತ್ತದೆ. ದಾರಿಯಲ್ಲಿ ಕಾವಾಗೋಯೆ ಎಂಬ ಊರಿನ ಫಲಕ ಕಂಡಾಗ ಅಳಿಯಂದಿರು, "ಮಾವ, ನಮ್ಮ ಅದಿತಿ ಅಶೋಕ್ ಆಡಿದ್ದು ಇಲ್ಲೇ" ಎಂದರು.

ನಾನು ನೆಟ್ಟಗೆ ಕೂತೆ. ಕಾಸುಮಿಗಸೇಕಿ ಕಂಟ್ರಿ ಕ್ಲಬ್ ಇರುವುದು ಕಾವಾಗೋಯೆಯಲ್ಲಿ. ಹೆಸರು ಕೇಳಿ ಮೋಸಹೋಗಬಾರದು. ಟೋಕಿಯೋ ನಡುವೆ ಸರ್ಕಾರದ ಸಚಿವಾಲಯಗಳಿರುವ ಜಾಗಕ್ಕೂ ಕಾಸುಮಿಗಸೇಕಿ ಎಂದೇ ಹೆಸರು. ಟ್ಯಾಕ್ಸಿಯವನಿಗೆ ಬರೀ ಹೆಸರು ಹೇಳಿದರೆ ಹುಲ್ಲು ನೋಡಲು ಹೊರಟವನು ಫೈಲುಗಳ ನಡುವೆ ಇಳಿಯಬೇಕಾದೀತು. 2021ರ ಆಗಸ್ಟ್ 7ರ ಬೆಳಗಿನ ಜಾವ ನಾನು, ನನ್ನ ಹೆಂಡತಿ ಮೈಸೂರಿನಲ್ಲಿ ಟಿ.ವಿ. ಮುಂದೆ ಕೂತು ಆ ಮೈದಾನವನ್ನು ನೋಡಿದ್ದೆವು. ಬೆಂಗಳೂರಿನ ಹುಡುಗಿ, ಒಲಿಂಪಿಕ್ಸಿನಲ್ಲಿ, ಪದಕದ ಹತ್ತಿರ! ಗಾಲ್ಫ್ ಎಂದರೇನೆಂದು ಗೊತ್ತಿಲ್ಲದ ನಾಡು ಅವತ್ತು ಒಂದೇ ಬೆಳಗಿನಲ್ಲಿ ಅದನ್ನು ಕಲಿಯಲು ಹೊರಟಿತ್ತು. "ಮೈನಸ್ ಹದಿನೈದು ಅಂದ್ರೆ ಒಳ್ಳೇದೋ ಕೆಟ್ಟದ್ದೋ?" ಎಂದು ನನ್ನಾಕೆ ಹತ್ತು ಸಲ ಕೇಳಿದಳು. ಕಡಿಮೆಯಾದಷ್ಟೂ ಒಳ್ಳೆಯದು ಎಂದರೆ ಅವಳಿಗೆ ನಂಬಿಕೆ ಬರಲೊಲ್ಲದು. "ಹಾಗಾದ್ರೆ ನಿಮ್ಮ ಸಂಬಳ ಚೆನ್ನಾಗೇ ಇತ್ತು ಬಿಡಿ" ಎಂದಳು. ಕೊನೆಗೆ ಅದಿತಿ ಹದಿನೈದು ಕಡಿಮೆಯಲ್ಲಿ ನಿಂತಳು. ಅವಳ ಮುಂದಿನಿಬ್ಬರು, ಜಪಾನಿನ ಮೊನೆ ಇನಾಮಿ ಮತ್ತು ನ್ಯೂಜಿಲೆಂಡಿನ ಲಿಡಿಯಾ ಕೋ, ಹದಿನಾರರಲ್ಲಿ. ಅಮೆರಿಕದ ನೆಲ್ಲಿ ಕೋರ್ಡಾ ಹದಿನೇಳರಲ್ಲಿ. ಒಂದೇ ಒಂದು ಹೊಡೆತದಲ್ಲಿ ಪದಕ ತಪ್ಪಿತು. ಅವಳ ಚೀಲ ಹೊತ್ತು ಆ ಬಿಸಿಲಿನಲ್ಲಿ ನಾಲ್ಕು ದಿನ ನಡೆದವರು ಅಮ್ಮ ಮಹೇಶ್ವರಿ. ನನ್ನ ಹೆಂಡತಿಗೆ ಆಟದಲ್ಲಿ ಪೂರ್ತಿ ಅರ್ಥವಾದದ್ದು ಅದೊಂದೇ. "ಪಾಪ, ಆಯಮ್ಮಂಗೆ ಎಷ್ಟು ಸುಸ್ತೋ" ಎಂದು ಕಣ್ಣೊರೆಸಿಕೊಂಡಳು. ಅವತ್ತೇ ಸಂಜೆ ನೀರಜ್ ಚೋಪ್ರಾ ಜಾವೆಲಿನ್ ಎಸೆದ, ಬಂಗಾರ ಬಂತು, ಬೆಳಗಿನ ಗಾಲ್ಫ್ ಪಾಠವನ್ನು ದೇಶ ಮರೆತೇಬಿಟ್ಟಿತು.

ಕಾಸುಮಿಗಸೇಕಿಯ ಬಗ್ಗೆ ಇನ್ನೊಂದು ಮಾತನ್ನೂ ಅಳಿಯಂದಿರು ಹೇಳಿದರು. 1929ರಲ್ಲಿ ಹುಟ್ಟಿದ ಆ ಕ್ಲಬ್ಬಿನಲ್ಲಿ ಹೆಂಗಸರಿಗೆ ಪೂರ್ಣ ಸದಸ್ಯತ್ವವಿರಲಿಲ್ಲ, ಭಾನುವಾರ ಆಡುವಂತಿರಲಿಲ್ಲ. ಒಲಿಂಪಿಕ್ಸ್ ಅಲ್ಲಿ ನಡೆಯಬೇಕಾದಾಗ ಟೋಕಿಯೋದ ರಾಜ್ಯಪಾಲೆ ಯುರಿಕೋ ಕೊಯಿಕೆ ಈ ವಿಷಯ ಎತ್ತಿದರು, ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯೂ ಒತ್ತಾಯಿಸಿತು, 2017ರ ಮಾರ್ಚಿನಲ್ಲಿ ನಿಯಮ ಬದಲಾಯಿತು. ಅಂದರೆ ಮಹೇಶ್ವರಿಯಮ್ಮ ಚೀಲ ಹೊತ್ತು ನಡೆದ ಹುಲ್ಲು ಅದಕ್ಕೆ ಕೇವಲ ನಾಲ್ಕು ವರ್ಷ ಹಿಂದಿನವರೆಗೆ ಹೆಂಗಸರ ಮಟ್ಟಿಗೆ ಭಾನುವಾರದ ಮಡಿ ಹುಲ್ಲು. ಇನ್ನೂ ತಮಾಷೆಯೆಂದರೆ, ಕೋವಿಡ್ಡಿನ ದೆಸೆಯಿಂದ ಪ್ರೇಕ್ಷಕರೇ ಇಲ್ಲದೆ ನಡೆದ ಆಟ ಅದು. ದುಡ್ಡು ಸುರಿದು ಒಳಗೆ ಸೇರಿಕೊಂಡಿದ್ದ ಸದಸ್ಯರೂ ಆ ವಾರ ನನ್ನ ಹಾಗೆಯೇ ಮನೆಯಲ್ಲಿ ಟಿ.ವಿ. ಮುಂದೆ!

ನಮ್ಮ ಕ್ಲಬ್ ಅದಲ್ಲ, ಅದರ ನೆರೆಯ ಇನ್ನೊಂದು. ಹೆಸರನ್ನು ಎಲ್ಲೂ ಬರೆಯಬೇಡಿ ಎಂದು ಹಿರಿಯರು ಸಂಕೋಚದಿಂದ ಕೇಳಿಕೊಂಡಿದ್ದಾರೆ, ಬರೆಯುವುದಿಲ್ಲ.

ನಾನು ಬೆಳೆದದ್ದು ಮೈಸೂರಿನ ಇಟ್ಟಿಗೆಗೂಡಿನಲ್ಲಿ. ಚಾಮುಂಡಿಬೆಟ್ಟದ ಬುಡಕ್ಕೆ ರೇಸ್‌ಕೋರ್ಸು, ಅದಕ್ಕೆ ಸೇರಿದ ಹಾಗೆ ಗಾಲ್ಫ್ ಮೈದಾನ, ಸುತ್ತ ಬೇಲಿ. ಬೇಲಿ ದಾಟಿ ಬಂದ ಚೆಂಡನ್ನು ಹಿಂದಕ್ಕೆ ಕೊಟ್ಟರೆ ನಾಲ್ಕಾಣೆ ಸಿಗುತ್ತಿತ್ತು. ಕೊಡದಿದ್ದರೆ ಕಾವಲುಗಾರನ ಬೈಗುಳ. ಇಡೀ ಬಾಲ್ಯವನ್ನು ಬೇಲಿಯ ಈಚೆಗೇ ಕಳೆದವನಿಗೆ ಅರವತ್ತೆಂಟನೆಯ ವಯಸ್ಸಿನಲ್ಲಿ ಬಾಗಿಲಲ್ಲೇ ನಮಸ್ಕಾರ ಸಿಗುತ್ತದೆಂದರೆ ಎದೆ ಸ್ವಲ್ಪ ಡವಡವ ಅನ್ನದೆ ಇರುತ್ತದೆಯೇ? ಪೈನ್ ಮರಗಳ ನಡುವಿನ ಉದ್ದ ದಾರಿ ದಾಟಿ ಕಾರು ಪೋರ್ಟಿಕೋದಲ್ಲಿ ನಿಂತಿತು. ಟೊಪ್ಪಿ, ಕೈಗವಸು ತೊಟ್ಟ ಇಬ್ಬರು ಸೊಂಟ ಮಡಿಸಿ ಬಾಗಿದರು. ನಾನು ಕೋಟಿನ ಗುಂಡಿ ಹಾಕಿಕೊಂಡು ಇಳಿದೆ. ಬಾಗಿಲು, ನೆಲಹಾಸು, ಮೇಜಿನ ಹಿಂದಿನ ಹುಡುಗಿಯ ನಮಸ್ಕಾರ, ಗೋಡೆಯ ಮೇಲೆ ಹಿಂದಿನ ಅಧ್ಯಕ್ಷರ ಫೋಟೋಗಳ ಸಾಲು, ಎಲ್ಲ ಗಂಡಸರು, ಎಲ್ಲರಿಗೂ ಕೋಟು. ಅಲ್ಲಿಂದ ಎಡಕ್ಕೆ ತಿರುಗಿದರೆ ಲಾಕರ್ ಕೋಣೆ. "ಮಾವ, ಕೋಟು ಇಲ್ಲಿ ಬಿಚ್ಚಿಡಿ" ಎಂದರು ಅಳಿಯಂದಿರು.

"ಆಗ್ಲೇ?"

"ಅಷ್ಟೇ. ಇನ್ನು ವಾಪಸ್ ಹೋಗೋವಾಗ ಹಾಕ್ಕೊಳ್ಳೋದು."

ಎಣಿಸಿದ್ದೆ. ಕಾರಿನಿಂದ ಲಾಕರಿಗೆ ನಲವತ್ತು ಹೆಜ್ಜೆ. ಮೈಸೂರಿನಿಂದ ಸಮುದ್ರ ದಾಟಿ ಬಂದ ಕೋಟಿನ ಪಾತ್ರ ಅಲ್ಲಿಗೆ ಮುಗಿಯಿತು. ಯಕ್ಷಗಾನದಲ್ಲಿ ರಾತ್ರಿಯಿಡೀ ಬಣ್ಣ ಹಚ್ಚಿಕೊಂಡು ಕೂತ ವೇಷಧಾರಿ ಬೆಳಗಿನ ಜಾವ ಒಂದೇ ಮಾತು ಆಡಿ ಹೋದ ಹಾಗೆ.

ಹೊರಗೆ ಕಾಲಿಟ್ಟಾಗ ಬಿಸಿಲು ಆಗಷ್ಟೇ ಬಂದಿತ್ತು. ಸಮುದ್ರದ ದಂಡೆಯ ಬೋಳು ಮರಳುದಿಬ್ಬಗಳ ಮೇಲಿನ ಮೈದಾನಗಳೇ ಗಾಲ್ಫಿನ ಮೂಲವಂತೆ. ಇದು ಆ ಜಾತಿಯಲ್ಲ, ಮರಗಳ ನಡುವಿನ ತೋಟದಂಥದ್ದು. ನೆಲ ಹೆಚ್ಚುಕಡಿಮೆ ಸಪಾಟು. ಒಂದು ಹಾದಿಗೂ ಇನ್ನೊಂದಕ್ಕೂ ನಡುವೆ ಎತ್ತರದ ಪೈನ್ ಸಾಲು. ಮರಗಳ ಸೊಂಟಕ್ಕೆ ಹುಲ್ಲಿನ ಚಾಪೆಯ ಪಟ್ಟಿ ಸುತ್ತಿ ಹಗ್ಗ ಬಿಗಿದಿದ್ದರು. ಚಳಿಗೆ ಹೊದಿಸಿದ್ದೇನೋ ಎಂದುಕೊಂಡೆ. ಅಲ್ಲ, ಚಳಿಗಾಲದಲ್ಲಿ ಕೆಳಗಿಳಿಯುವ ಹುಳುಗಳು ಬೆಚ್ಚಗಿದೆಯೆಂದು ಅದರೊಳಗೆ ಸೇರಿಕೊಳ್ಳಲಿ, ವಸಂತಕ್ಕೆ ಮೊದಲು ಬಿಚ್ಚಿ ಸುಡೋಣ ಎಂಬ ಹಳೆಯ ಉಪಾಯವಂತೆ. ಮುಪ್ಪಾಗಿ ವಾಲಿದ ಮರಗಳಿಗೆ ಕೆಳಗಿಂದ ಮರದ ಊರುಗೋಲು. ನನಗಿಂತ ಚೆನ್ನಾಗಿ ನೋಡಿಕೊಳ್ಳುತ್ತಿದ್ದಾರೆ ಎನ್ನಿಸಿತು.

ಹುಲ್ಲಿಗೆ ಆಗಲೇ ಹೊಂಬಣ್ಣ ಬರತೊಡಗಿತ್ತು. ಅದು ಕೊರೈ ಹುಲ್ಲು. ಹೆಸರಿನಲ್ಲಿರುವುದು ಹಳೆಯ ಕೊರಿಯಾ. ಬೇಸಿಗೆಯ ಧಗೆಯಲ್ಲಿ ದಟ್ಟ ಹಸಿರಾಗಿರುವ ಇದು ಚಳಿಗಾಲಕ್ಕೆ ಒಣಗಿದ ರಾಗಿಹುಲ್ಲಿನ ಬಣ್ಣಕ್ಕೆ ತಿರುಗುತ್ತದೆ. ಇಂಗ್ಲೆಂಡಿನ ಕಡೆಯ ಬೆಂಟ್ ಹುಲ್ಲು ಇದಕ್ಕೆ ತದ್ವಿರುದ್ಧ: ಚಳಿಗೆ ಹಸಿರು, ಜಪಾನಿನ ಬೇಸಿಗೆಯ ಸೆಕೆಗೆ ಕೊಳೆತುಹೋಗುತ್ತಿತ್ತು. ಹಾಗಾಗಿ ಹಿಂದಿನವರು ಮಾಡಿದ್ದೇನು? ಪ್ರತಿ ಕುಳಿಗೂ ಎರಡೆರಡು ಗ್ರೀನ್ (ಕುಳಿಯ ಸುತ್ತಲಿನ ನುಣುಪು ಹುಲ್ಲಿನ ಅಂಗಳ), ಒಂದು ಬೇಸಿಗೆಗೆ, ಇನ್ನೊಂದು ಚಳಿಗಾಲಕ್ಕೆ. ಹದಿನೆಂಟು ಕುಳಿಗಳ ಮೈದಾನದಲ್ಲಿ ಮೂವತ್ತಾರು ಗ್ರೀನುಗಳು; ಯಾವತ್ತೂ ಅರ್ಧಕ್ಕೆ ರಜೆ. ಬೇಸಿಗೆ ತಾಳುವ ಬೆಂಟ್ ತಳಿಗಳು ಬಂದಮೇಲೆ ಅನೇಕರು ಇದನ್ನು ಬಿಟ್ಟಿದ್ದಾರೆ. ಒಲಿಂಪಿಕ್ಸಿಗಾಗಿ ಮೈದಾನ ವಿನ್ಯಾಸಕ ಟಾಮ್ ಫಾಜಿಯೋ ಕಾಸುಮಿಗಸೇಕಿಯ ಪೂರ್ವ ಮೈದಾನವನ್ನು ತಿದ್ದಿದಾಗ ಅಲ್ಲೂ ಎರಡು ಒಂದಾದವು. ಈ ಕ್ಲಬ್ಬಿನವರು ಮಾತ್ರ ಹಟಹಿಡಿದು ಎರಡನ್ನೂ ಉಳಿಸಿಕೊಂಡಿದ್ದಾರೆ. ನಮ್ಮ ಹಿರಿಯರ ಚೆಂಡು ಮೊದಲ ಕುಳಿಯಲ್ಲೇ ಸೊಗಸಾಗಿ ಹಾರಿ, ರಜೆಯಲ್ಲಿದ್ದ ಗ್ರೀನಿನ ಮೇಲೆ ಹೋಗಿ ಕೂತಿತು. ಅಲ್ಲಿಂದ ಹೊಡೆಯುವಂತಿಲ್ಲ, ಎತ್ತಿ ಹೊರಗಿಟ್ಟು ಆಡಬೇಕು. ತಪ್ಪು ಮದುವೆಮನೆಗೆ ಹೋಗಿ ಎಲೆಯ ಮುಂದೆ ಕೂತವನನ್ನು ಎಬ್ಬಿಸಿದ ಹಾಗೆ ಅವರು ನಾಚಿಕೊಂಡರು.

ನಮ್ಮ ಜೊತೆ ಬಂದ ಕ್ಯಾಡಿ ಅರವತ್ತರ ಆಸುಪಾಸಿನ ಹೆಂಗಸು. ಅಗಲ ಅಂಚಿನ ಟೊಪ್ಪಿ, ಅದರಿಂದ ಕತ್ತು ಕೆನ್ನೆ ಮುಚ್ಚುವ ಹಾಗೆ ಇಳಿಬಿದ್ದ ಬಟ್ಟೆ. ಕಾಣುತ್ತಿದ್ದದ್ದು ಕಣ್ಣು ಮೂಗು ಮಾತ್ರ. ಮೂವರ ಚೀಲವೂ ಒಂದೇ ಪುಟ್ಟ ಗಾಡಿಯಲ್ಲಿ. ನೆಲದೊಳಗೆ ಹೂತ ತಂತಿಯ ಜಾಡು ಹಿಡಿದು ಆ ಗಾಡಿ ತಾನಾಗಿ ಬರುತ್ತದೆ; ಆಕೆಯ ಜೇಬಿನಲ್ಲಿರುವ ಗುಂಡಿ ಒತ್ತಿದರೆ ನಿಲ್ಲುತ್ತದೆ. ಸಾಕಿದ ಹಸುವಿನ ಹಾಗೆ ಅದು ನಮ್ಮ ಹಿಂದೆ ಹಿಂದೆಯೇ. ಯಾರ ಚೆಂಡು ಎಲ್ಲಿ, ಕುಳಿಗೆ ಎಷ್ಟು ದೂರ, ಗಾಳಿ ಯಾವ ಕಡೆ, ಯಾರಿಗೆ ಯಾವ ಕೋಲು, ಎಲ್ಲ ಆಕೆಯ ನಾಲಗೆಯ ತುದಿಯಲ್ಲಿ. ಹೊಡೆತಕ್ಕೆ ಹುಲ್ಲು ಕಿತ್ತುಬಂದ ಕಡೆಯಲ್ಲೆಲ್ಲ ಚೀಲದಿಂದ ಮರಳು ತೆಗೆದು ತುಂಬಿ ಕಾಲಿನಿಂದ ತಟ್ಟುವಳು. ಚೆಂಡು ಪಕ್ಕದ ಹಾದಿಗೆ ಹಾರಿದರೆ "ಫಾಆಆ!" ಎಂದು ಒಂದು ಕೂಗು. ಇಂಗ್ಲಿಷರ 'ಫೋರ್' ಅಲ್ಲಿ ಹಾಗಾಗಿದೆ. ಅಷ್ಟು ಸಣ್ಣ ದೇಹದಿಂದ ಅಷ್ಟು ದೊಡ್ಡ ಕೂಗು ಬರುತ್ತದೆಂದು ನಾನು ಎಣಿಸಿರಲಿಲ್ಲ. ಮೊದಲ ಸಲ ಕೇಳಿ ನಾನೇ ತಲೆಮೇಲೆ ಕೈಯಿಟ್ಟು ಕುಕ್ಕರಿಸಿದೆ. ಆಮೇಲೆ ಆಕೆ ಪ್ರತಿ ಸಲ ಕೂಗುವ ಮೊದಲು ನನ್ನ ಕಡೆ ಒಮ್ಮೆ ನೋಡಿ, ಕ್ಷಮೆ ಕೇಳುವಂತೆ ಸಣ್ಣಗೆ ತಲೆಬಾಗಿಸಿ, ಕೂಗುತ್ತಿದ್ದಳು. ಬಾಗುವಷ್ಟರಲ್ಲಿ ಚೆಂಡು ಬಿದ್ದಾಗಿರುತ್ತಿತ್ತು.

ಆಟದ ಬಗ್ಗೆ ನಾನು ಹೆಚ್ಚು ಹೇಳಲಾರೆ. ಅಳಗುಳಿಮಣೆಗಿರುವುದು ಹದಿನಾಲ್ಕು ಕುಳಿ. ಮನೆಯೊಳಗೇ, ಚಾಪೆಯ ಮೇಲೇ ಮುಗಿಯುತ್ತದೆ. ಇಲ್ಲಿ ಇನ್ನು ನಾಲ್ಕು ಕುಳಿ ಜಾಸ್ತಿ, ಅದಕ್ಕೆ ಆರೇಳು ಕಿಲೋಮೀಟರ್ ನಡಿಗೆ. ಆದರೆ ಬಂಕರ್ ಬಗ್ಗೆ ಹೇಳಬೇಕು. ನಾಲ್ಕನೆಯ ಕುಳಿಯ ಬಳಿ ಹಿರಿಯರು ನನ್ನನ್ನು ಕೈಹಿಡಿದು ಕರೆದೊಯ್ದು ಒಂದು ಮರಳಿನ ಗುಂಡಿ ತೋರಿಸಿದರು. ಆಳು ಮುಳುಗುವಷ್ಟು ಆಳ. ಎದುರಿಗೆ ಗೋಡೆಯಂತೆ ಎದ್ದ ಹುಲ್ಲಿನ ದಂಡೆ. "ಆಲಿಸನ್" ಎಂದರು, ಮನೆದೇವರ ಹೆಸರು ಹೇಳುವ ಹಾಗೆ.

ಚಾರ್ಲ್ಸ್ ಹ್ಯೂ ಆಲಿಸನ್ ಇಂಗ್ಲೆಂಡಿನ ಗಾಲ್ಫ್ ಮೈದಾನ ಶಿಲ್ಪಿ. 1930ರ ಕೊನೆಗೆ ಜಪಾನಿಗೆ ಬಂದು ಕೆಲವೇ ತಿಂಗಳಿದ್ದು ಹೋದವನು. ಆ ಕೆಲವು ತಿಂಗಳಲ್ಲಿ ಕೋಬೆ ಹತ್ತಿರದ ಹಿರೋನೋ, ಕಡಲ ದಂಡೆಯ ಕವಾನ, ಟೋಕಿಯೋ ಬಳಿಯ ಅಸಾಕ ಮೈದಾನಗಳಿಗೆ ನಕ್ಷೆ ಹಾಕಿದ. ಕಿನ್ಯಾ ಫುಜಿತ ಕಟ್ಟಿದ್ದ ಕಾಸುಮಿಗಸೇಕಿಯ ಪೂರ್ವ ಮೈದಾನಕ್ಕೆ ಆಳದ ಬಂಕರುಗಳನ್ನು ತೋಡಿಸಿದ. ಅಂಥ ಗುಂಡಿಗಳನ್ನು ಜಪಾನಿನವರು ಅದುವರೆಗೆ ಕಂಡಿರಲಿಲ್ಲ. ಇವತ್ತಿಗೂ ಅಲ್ಲಿ ಆಳದ ಬಂಕರಿಗೆ ಆಲಿಸನ್ ಬಂಕರ್ ಎಂದೇ ಹೆಸರು. ಎಷ್ಟೋ ಜನ ಊರೂರಿಗೆ ಕೆರೆಕಟ್ಟೆ ಕಟ್ಟಿಸಿ ಹೆಸರು ಕಳೆದುಕೊಂಡರು. ಈ ಮಹಾರಾಯ ಗುಂಡಿ ತೋಡಿಸಿ ಹೆಸರುಳಿಸಿಕೊಂಡ. ಅವನ ಅಸಾಕ ಮೈದಾನ ಉಳಿಯಲಿಲ್ಲ. ಯುದ್ಧದ ವರ್ಷಗಳಲ್ಲಿ ಸೈನ್ಯ ಅದನ್ನು ತೆಗೆದುಕೊಂಡಿತು. ಅದರ ಒಡೆಯರಾದ ಟೋಕಿಯೋ ಗಾಲ್ಫ್ ಕ್ಲಬ್ಬಿನವರು ಗಂಟುಮೂಟೆ ಕಟ್ಟಿ 1940ರಲ್ಲಿ ಸಯಾಮ ಎಂಬ ಊರಿಗೆ ಹೋದರು. ನಾವು ನಿಂತ ಜಾಗಕ್ಕೆ ಅದೂ ದೂರವಲ್ಲ.

"2017ರ ನವೆಂಬರಿನಲ್ಲಿ ಪ್ರಧಾನಿ ಅಬೆ, ಟ್ರಂಪ್ ಜೊತೆ ಕಾಸುಮಿಗಸೇಕಿಯಲ್ಲಿ ಆಡಿದಾಗ ಬಂಕರಿನಿಂದ ಹತ್ತಿ ಬರುವಾಗ ಹಿಮ್ಮುಖವಾಗಿ ಉರುಳಿ ಮತ್ತೆ ಒಳಗೇ ಬಿದ್ದರು" ಎಂದು ಹಿರಿಯರ ಗೆಳೆಯರು ನಕ್ಕರು. ಟಿ.ವಿ.ಯವರ ಕ್ಯಾಮೆರಾಕ್ಕೆ ಅದು ಸಿಕ್ಕಿತ್ತಂತೆ. ನಕ್ಕವರು ಥಟ್ಟನೆ ನಿಲ್ಲಿಸಿದರು. ಅಬೆ ಈಗಿಲ್ಲ. ಯಾರೂ ಮಾತಾಡಲಿಲ್ಲ, ಕ್ಯಾಡಿ ಹೆಂಗಸು ಆ ಗುಂಡಿಯ ಮರಳನ್ನು, ಯಾರೂ ಇಳಿಯದಿದ್ದರೂ, ಕುಂಟೆಯಿಂದ ಒಂದು ಸಲ ಎಳೆದು ನಯ ಮಾಡಿದಳು.

ಏಳನೆಯ ಕುಳಿಯ ಪಕ್ಕ ಒಂದು ಪುಟ್ಟ ಪ್ಲಮ್ ಗಿಡ, ಬುಡದಲ್ಲಿ ಹೆಸರಿನ ಫಲಕ. ಹಿರಿಯರು ಅದರ ಮುಂದೆ ನಿಂತರು. ಹನ್ನೆರಡು ವರ್ಷದ ಹಿಂದೆ ಇಲ್ಲಿ ಅವರು ಒಂದೇ ಹೊಡೆತಕ್ಕೆ ಚೆಂಡನ್ನು ಕುಳಿಗೆ ಬೀಳಿಸಿದ್ದರಂತೆ. ಕೈಕುಲುಕಿ ಅಭಿನಂದಿಸಿದೆ. "ಅಯ್ಯೋ, ಪುಣ್ಯಕ್ಕೆ ವಿಮೆ ಇತ್ತು" ಎಂದರು.

ವಿಮೆ ಎಂಬ ಶಬ್ದ ಕೇಳಿ ನನ್ನ ಕಿವಿ ನಿಮಿರಿತು. ಮೂವತ್ತಮೂರು ವರ್ಷ ನಾನು ಸಾವಿಗೆ ವಿಮೆ ಮಾರಿದವನು. ಬೆಂಕಿಗೆ, ಕಳ್ಳತನಕ್ಕೆ, ಬೆಳೆನಾಶಕ್ಕೆ, ಎಮ್ಮೆಗೆ ವಿಮೆ ಮಾರುವವರನ್ನು ಬಲ್ಲೆ. ಸಂತೋಷಕ್ಕೆ ವಿಮೆ ಕಂಡದ್ದು ಅಲ್ಲೇ ಮೊದಲು. ಜಪಾನಿನಲ್ಲಿ ಹೀಗೆ ಒಂದೇ ಏಟಿಗೆ ಕುಳಿ ತುಂಬಿದವನು ಸುಮ್ಮನಿರುವಂತಿಲ್ಲ. ಜೊತೆಗಾರರಿಗೆಲ್ಲ ಔತಣ, ಪರಿಚಯಸ್ಥರಿಗೆ ಹೆಸರು ಅಚ್ಚುಹಾಕಿಸಿದ ಟವೆಲ್ಲೋ ಚೆಂಡೋ ಉಡುಗೊರೆ, ಕ್ಯಾಡಿಗೆ ಕೈತುಂಬ ಇನಾಮು, ಕ್ಲಬ್ಬಿನಲ್ಲಿ ಒಂದು ಗಿಡ ನೆಡುವುದು. ಖರ್ಚು ಲಕ್ಷಗಟ್ಟಲೆ ಯೆನ್. ಮನುಷ್ಯ ಅದೃಷ್ಟದಿಂದ ದಿವಾಳಿಯಾಗಬಾರದಲ್ಲ, ಅದಕ್ಕೇ ವಿಮೆ. "ಸುಳ್ಳು ಕ್ಲೇಮು ಬರೋದಿಲ್ವೇ?" ಎಂದು ಅಳಿಯಂದಿರ ಮೂಲಕ ಕೇಳಿದೆ, ಹಳೇ ಚಾಳಿ. ಜೊತೆಯಲ್ಲಿದ್ದವರ ಸಾಕ್ಷಿ ಬೇಕಂತೆ, ಕ್ಯಾಡಿಯದಂತೂ ಬಹಳ ಮುಖ್ಯವಂತೆ. ಒಬ್ಬನೇ ಆಡುವಾಗ ಹಾಗೆ ಬಿದ್ದರೆ ಚೆಂಡು ಎತ್ತಿಕೊಂಡು ಮಾತಿಲ್ಲದೆ ಮನೆಗೆ ಹೋಗುವುದೇ ಲೇಸು. ಹಿರಿಯರು ಗಿಡದ ಒಣಗಿದ ಎಲೆಯೊಂದನ್ನು ಚಿವುಟಿ ಜೇಬಿಗೆ ಹಾಕಿಕೊಂಡರು.

ಒಂಬತ್ತು ಕುಳಿ ಆದಮೇಲೆ ಊಟ. ಬೇರೆ ದೇಶಗಳಲ್ಲಿ ಒಂದೇ ಉಸಿರಿಗೆ ಹದಿನೆಂಟೂ ಆಡಿ ಮುಗಿಸುತ್ತಾರಂತೆ; ಇಲ್ಲಿ ನಡುವೆ ಹೆಚ್ಚುಕಡಿಮೆ ಒಂದು ಗಂಟೆ ಕೂತು ಉಣ್ಣಬೇಕು. ಈ ಪದ್ಧತಿಗಾಗಿ ನಾನು ಜಪಾನಿಗೆ ಇನ್ನೊಂದು ಸಲ ನಮಸ್ಕಾರ ಮಾಡುತ್ತೇನೆ. ಎಲ್ಲರೂ ಮಾಂಸದ ಕರಿ ಅನ್ನ ತರಿಸಿದರು. ನಮ್ಮ ಸಾರು ಪಲ್ಯಗಳು ಇಂಗ್ಲಿಷರ ಬಾಯಲ್ಲಿ ಕರಿಯಾಗಿ, ಹಡಗು ಹತ್ತಿ ಜಪಾನಿಗೆ ಹೋಗಿ, ಅಲ್ಲಿ ಸಿಹಿಯಾಗಿ ಗಟ್ಟಿಯಾಗಿ ಕೂತಿರುವ ಆ ಪದಾರ್ಥ ನನಗೆ ಅತ್ತ ಪರಕೀಯವೂ ಅಲ್ಲ, ಇತ್ತ ಪರಿಚಿತವೂ ಅಲ್ಲ. ನಾನು ಸಸ್ಯಾಹಾರಿ ಎಂದು ತಿಳಿದು ಅಡುಗೆಯವರು ಬಹಳ ಯೋಚಿಸಿ ಒಂದು ಬಟ್ಟಲು ಬಿಳಿ ಅನ್ನ, ತೋಫು, ಉಮೆ ಎಂಬ ಹುಳಿಕಾಯಿಯ ಉಪ್ಪಿನಕಾಯಿ ಕೊಟ್ಟರು. ತೋಫುವಿನ ಮೇಲೆ ಉದುರಿಸಿದ ತೆಳ್ಳನೆ ಚಕ್ಕೆಗಳು ಮೀನಿನವೆಂದು ಅಳಿಯಂದಿರು ಕಣ್ಸನ್ನೆ ಮಾಡಿದರು. ಉಳಿದದ್ದು ಅನ್ನ.

ಆಗ ಕೋಟಿನ ನೆನಪಾಯಿತು. ಬೆಳಿಗ್ಗೆ ಹೊರಡುವಾಗ ನನ್ನಾಕೆ ಅದರ ಒಳಜೇಬಿಗೆ ಏನನ್ನೋ ಇಟ್ಟು ತಟ್ಟಿದ್ದಳು. ಎದ್ದು ಲಾಕರಿಗೆ ಹೋದೆ. ಕತ್ತಲಲ್ಲಿ ಒಬ್ಬಂಟಿಯಾಗಿ ನೇತಾಡುತ್ತಿದ್ದ ಕೋಟಿನ ಒಳಜೇಬಿನಲ್ಲಿ ಕಾಗದದ ಪೊಟ್ಟಣ, ಒಣಕೊಬ್ಬರಿ ಕರಿಬೇವಿನ ಚಟ್ನಿಪುಡಿ. ಕಳ್ಳಸಾಗಣೆಯವನಂತೆ ಅಂಗೈಯಲ್ಲಿ ಮುಚ್ಚಿಕೊಂಡು ಬಂದು ಅನ್ನಕ್ಕೆ ಉದುರಿಸಿಕೊಂಡೆ. ಹಿರಿಯರ ಮೂಗು ಅರಳಿತು.

"ಫುರಿಕಾಕೆ?" ಎಂದರು.

ಅನ್ನದ ಮೇಲೆ ಉದುರಿಸಿಕೊಂಡು ತಿನ್ನುವ ಒಣಪುಡಿಗೆ ಅಲ್ಲಿ ಫುರಿಕಾಕೆ ಎನ್ನುತ್ತಾರೆ, ಎಳ್ಳು, ಕಡಲಪಾಚಿ, ಮೀನು ಹಾಕಿದ್ದು. ಹೂಂ, ನಮ್ಮೂರಿನ ಫುರಿಕಾಕೆ ಎಂದು ಪೊಟ್ಟಣ ಚಾಚಿದೆ. ಒಂದು ಚಿಟಿಕೆ ಹಾಕಿಕೊಂಡರು, ಕಣ್ಣಲ್ಲಿ ನೀರು ಬಂತು, ಇನ್ನೊಂದು ಚಿಟಿಕೆ ಹಾಕಿಕೊಂಡರು. ಗೆಳೆಯರೂ ಹಾಕಿಕೊಂಡರು. ಕರಿಯ ಮೇಲೆಯೇ ಉದುರಿಸಿಕೊಂಡರು! ಪೊಟ್ಟಣ ಬರಿದಾಯಿತು.

ಖಾರ ಒಳಗೆ ಹೋದಮೇಲೆ ಮಾತು ಹೊರಗೆ ಬಂತು. 1957ರಲ್ಲಿ ಹಿರಿಯರಿಗೆ ಏಳು ವರ್ಷ. ಆ ಅಕ್ಟೋಬರಿನಲ್ಲಿ ಕಾಸುಮಿಗಸೇಕಿಯಲ್ಲಿ ಕೆನಡಾ ಕಪ್ ಎಂಬ ಅಂತರರಾಷ್ಟ್ರೀಯ ಗಾಲ್ಫ್ ಪಂದ್ಯ ನಡೆಯಿತು. ಸ್ಯಾಮ್ ಸ್ನೀಡ್, ಗ್ಯಾರಿ ಪ್ಲೇಯರ್ ಅಂಥವರೆಲ್ಲ ಬಂದಿದ್ದರು. ಗೆದ್ದವರು ಜಪಾನಿನ ತೊರಾಕಿಚಿ ನಾಕಾಮುರ ಮತ್ತು ಕೊಯಿಚಿ ಓನೋ. ಯುದ್ಧದಲ್ಲಿ ಸೋತು ಹನ್ನೆರಡು ವರ್ಷವಾಗಿತ್ತು. ಯುದ್ಧ ಗೆದ್ದ ಅಮೆರಿಕದ ಸೈನ್ಯ ಅದೇ ಕ್ಲಬ್ಬನ್ನು ಕೆಲಕಾಲ ತನ್ನ ವಶಕ್ಕೆ ತೆಗೆದುಕೊಂಡಿತ್ತು. ಅಂಥ ಹುಲ್ಲಿನ ಮೇಲೆ ಗಿಡ್ಡಗಿನ ನಾಕಾಮುರ ದೊಡ್ಡ ದೊಡ್ಡವರನ್ನು ಹಿಂದೆ ಹಾಕಿದ್ದನ್ನು ಅಪ್ಪನ ಹೆಗಲ ಮೇಲೆ ಕೂತು ಅಂಗಡಿ ಮುಂದಿನ ಟಿ.ವಿ.ಯಲ್ಲಿ ನೋಡಿದ್ದು ಅವರಿಗೆ ನೆನಪಿದೆ. ಅಪ್ಪ ಸಣ್ಣ ಕಾರಖಾನೆಯಲ್ಲಿ ಕೆಲಸಕ್ಕಿದ್ದವರು, ಗಾಲ್ಫ್ ಕೋಲು ಮುಟ್ಟಿದವರಲ್ಲ. ಇಡೀ ದೇಶಕ್ಕೆ ಗಾಲ್ಫಿನ ಹುಚ್ಚು ಹತ್ತಿದ್ದು ಆಮೇಲೆ.

ಆ ಹುಚ್ಚು ಎಲ್ಲಿಗೆ ಮುಟ್ಟಿತೆಂದರೆ, ಕ್ಲಬ್ ಸದಸ್ಯತ್ವಗಳು ನಮ್ಮಲ್ಲಿ ಸೈಟುಗಳು ಕೈಬದಲಾಗುವ ಹಾಗೆ ದಲ್ಲಾಳಿಗಳ ಮೂಲಕ ಕೈಬದಲಾದವು. 1990ರ ಸುಮಾರಿಗೆ ಕೊಗನೆಯಿ ಎಂಬ ಕ್ಲಬ್ಬಿನ ಒಂದು ಸದಸ್ಯತ್ವ 40 ಕೋಟಿ ಯೆನ್ ದಾಟಿತ್ತು. ಆಮೇಲೆ ಆ ಬೆಲೆಗಳ ಗುಳ್ಳೆ ಒಡೆಯಿತು. ನಮ್ಮ ಹಿರಿಯರು 1989ರಲ್ಲಿ ಸಾಲ ಮಾಡಿ ಸೇರಿದವರು. ಸಾಲ ತೀರುವ ಹೊತ್ತಿಗೆ ಸದಸ್ಯತ್ವದ ಬೆಲೆ ಕೊಂಡದ್ದರ ಹತ್ತರಲ್ಲೊಂದಕ್ಕೂ ಇಳಿದಿತ್ತಂತೆ. "ಮಾರಿಬಿಡಬಹುದಿತ್ತಲ್ಲ?" ಎಂದೆ. ಅವರು ಉತ್ತರ ಕೊಡುವ ಬದಲು ತಮ್ಮ ಒಂದೇ ಲಾಭದ ಬಗ್ಗೆ ಹೇಳಿದರು: ಗಾಲ್ಫ್ ಆಡುವವರೆಲ್ಲ ಅಲ್ಲಿ ದಿನಕ್ಕೆ 1,200 ಯೆನ್‌ವರೆಗೆ ತೆರಿಗೆ ಕಟ್ಟಬೇಕು, ಎಪ್ಪತ್ತು ದಾಟಿದವರಿಗೆ ಮಾಫಿ. ಅದನ್ನು ಹೇಳುವಾಗ ಅವರ ಮುಖದ ಹಿಗ್ಗು ನೋಡಿ ನಮ್ಮ ಹಿರಿಯ ನಾಗರಿಕರ ಟಿಕೆಟ್ ರಿಯಾಯಿತಿ ನೆನಪಾಯಿತು.

ಊಟದ ನಂತರದ ಒಂಬತ್ತು ಕುಳಿಗಳಲ್ಲಿ ನನಗೆ ನಿದ್ದೆಗಣ್ಣು. ಒಂದು ಕಡೆ ಮರಗಳ ಸಂದಿಯಲ್ಲಿ ಫುಜಿ ಪರ್ವತ ತಲೆಯೆತ್ತಿತು. ಮೂವರೂ ಆಟ ನಿಲ್ಲಿಸಿ ನನಗಾಗಿ ಅದನ್ನು ತೋರಿಸಿದರು. ಅಳಿಯಂದಿರು ಕೊಳಕ್ಕೆ ಮೂರು ಚೆಂಡು ಕಳಿಸಿದರು. ಮಾವನ ಎದುರಿಗಲ್ಲವೇ, ಬೈಯಲೂ ಆಗದೆ ಬೆವರಿದರು. ಇಷ್ಟು ಸಾಕು.

ನಾನು ಹೆದರಿದ್ದು ಆಮೇಲಿನದಕ್ಕೆ. ಆಟ ಮುಗಿಸಿ ಗಾಳಿಯ ಪಿಚಕಾರಿಯಿಂದ ಬೂಟಿನ ಹುಲ್ಲು ಹಾರಿಸಿಕೊಂಡು ಒಳಗೆ ಬಂದರೆ, ಎಲ್ಲರೂ ಸ್ನಾನಕ್ಕೆ ಹೊರಟರು. ಎಲ್ಲರೂ ಒಟ್ಟಿಗೆ, ಒಂದೇ ದೊಡ್ಡ ತೊಟ್ಟಿಗೆ, ಬೆತ್ತಲೆ. "ಮಾವ, ಬೇಡಾಂದ್ರೆ ನೀವು ಹೊರಗೆ ಕೂತ್ಕೊಳ್ಳಿ" ಎಂದರು ಅಳಿಯಂದಿರು, ಬೇಡ ಎಂದೇ ಹೇಳಲಿ ಎಂದು ಕಣ್ಣಲ್ಲೇ ಪ್ರಾರ್ಥಿಸುತ್ತ. ಮಾವ ಅಳಿಯ ಒಟ್ಟಿಗೆ ಹೀಗೆ ನಿಂತ ದಾಖಲೆ ನಮ್ಮ ವಂಶದಲ್ಲಿಲ್ಲ. ಆದರೆ ಬೆಳಗಿನಿಂದ ನಡೆದ ಮಂಡಿಗಳು ಬಿಸಿನೀರು ಬೇಕೆಂದವು. ಹೋದೆ. ಅಳಿಯಂದಿರು ತಾವೇ ಹಿಂದುಳಿದು, ಯಾವುದೋ ಫೋನು ಬಂತೆಂದು ಹೊರಗೇ ನಿಂತುಬಿಟ್ಟರು. ಸಂಸ್ಕಾರವಂತರು.

ಮೊದಲು ಪುಟ್ಟ ಮಣೆಯ ಮೇಲೆ ಕೂತು ಮೈಯುಜ್ಜಿ ತೊಳೆದುಕೊಳ್ಳಬೇಕು. ಶುದ್ಧನಾದಮೇಲೆಯೇ ತೊಟ್ಟಿಗೆ ಇಳಿಯಬೇಕು. ಕರವಸ್ತ್ರದಷ್ಟು ಸಣ್ಣ ಟವೆಲನ್ನು ನೀರಿಗೆ ಅದ್ದಬಾರದು, ಮಡಿಸಿ ತಲೆಯ ಮೇಲಿಟ್ಟುಕೊಳ್ಳಬೇಕು. ಮಣೆಯ ಮೇಲೆ ಕೂತಾಗ ನಮ್ಮೂರ ಬಚ್ಚಲೇ ಕಣ್ಣಿಗೆ ಬಂತು. ನೀರು ತುಂಬುವ ಹಬ್ಬಕ್ಕೆ ಹಂಡೆಗೆ ಸುಣ್ಣದ ಪಟ್ಟೆ ಬಳಿದು, ಅಮ್ಮ ನೆತ್ತಿಗೆ ಎಣ್ಣೆ ತಟ್ಟಿ, ಕಣ್ಣಿಗೆ ಸೀಗೆಪುಡಿ ಹೋಗುವವರೆಗೂ ಉಜ್ಜುತ್ತಿದ್ದ ಬಚ್ಚಲು. ಎದ್ದು ತೊಟ್ಟಿಯ ಕಡೆ ನಡೆದಾಗ ಹಿರಿಯರ ದೃಷ್ಟಿ ನನ್ನ ಸೊಂಟದ ಮೇಲೆ ನಿಂತಿತು. ಅಲ್ಲಿ ನನ್ನ ಕರಿ ಉಡಿದಾರ. ಅವರೆಲ್ಲ ಲಾಕರಿನ ಕೀಲಿಯನ್ನು ರಬ್ಬರ್ ಪಟ್ಟಿಯಲ್ಲಿ ಮುಂಗೈಗೆ ಕಟ್ಟಿಕೊಂಡಿದ್ದರು. ತಮ್ಮ ಕೀಲಿ ತೋರಿಸಿ, ನನ್ನ ದಾರ ತೋರಿಸಿ, "ಕೀ?" ಎಂದರು. ಇಂಡಿಯಾದಲ್ಲಿ ಕೀಲಿಯನ್ನು ಸೊಂಟಕ್ಕೆ ಕಟ್ಟುತ್ತಾರೆ ಎಂದು ತಿಳಿದರು. ಅಜ್ಜಿ ಹಾಗೇ ಕಟ್ಟುತ್ತಿದ್ದಳಲ್ಲ ಎಂದು ನಾನೂ ತಲೆಯಾಡಿಸಿಬಿಟ್ಟೆ. ಎದೆಮಟ್ಟದ ಸುಡುನೀರಿನಲ್ಲಿ ಮೂರು ಮುದುಕರು, ತಲೆಯ ಮೇಲೆ ಮಡಿಸಿದ ಬಿಳಿ ಟವೆಲ್, ಸಾಲಾಗಿ ಕೂತೆವು. ಯಾರು ಸದಸ್ಯ, ಯಾರು ಅತಿಥಿ, ಯಾರ ಸಾಲ ತೀರಿದೆ, ನೀರಿಗೆ ಗೊತ್ತಿರಲಿಲ್ಲ. ಹಿರಿಯರು "ಹಾಆಆ" ಎಂದು ಉಸಿರುಬಿಟ್ಟರು. ನಾನು "ಅಯ್ಯಪ್ಪಾ" ಎಂದೆ. ಆ ದಿನ ಅನುವಾದ ಬೇಡವಾದ ಮಾತು ಅದೊಂದೇ.

ಮತ್ತೆ ಕೋಟು, ಮತ್ತೆ ನಲವತ್ತು ಹೆಜ್ಜೆ. ಕಾರು ಹೊರಟಮೇಲೂ ಪೋರ್ಟಿಕೋದಲ್ಲಿ ಟೊಪ್ಪಿಯ ಆ ಇಬ್ಬರು ಬಾಗಿಯೇ ಇದ್ದರು. ನಾನೂ ಕೂತಲ್ಲೇ ತಿರುಗಿ ಬಾಗುತ್ತಿದ್ದೆ. "ಸಾಕು ಮಾವ, ಗೇಟು ದಾಟಿದ್ವಿ" ಎಂದರು ಅಳಿಯಂದಿರು.

ಮನೆಗೆ ಬಂದಾಗ ಮಗು ಎಚ್ಚರವಾಗಿತ್ತು. ನನ್ನ ಹೆಂಡತಿ ಬಾಗಿಲಲ್ಲೇ ಕೋಟು ಬಿಚ್ಚಿಸಿಕೊಂಡಳು.

"ಹೇಳಿರ್ಲಿಲ್ವಾ ನಾನು? ಎಷ್ಟು ಹೊತ್ತು ಹಾಕ್ಕೊಂಡಿದ್ರಿ?"

ಅಳಿಯಂದಿರು ಬಾಯಿ ತೆರೆದರು. "ಪೂರ್ತಿ ದಿನ" ಎಂದೆ ನಾನು, ಅವರಿಗಿಂತ ಮೊದಲು.

ಅವಳು ಒಳಜೇಬಿಗೆ ಕೈಹಾಕಿ ಬರಿದಾದ ಪೊಟ್ಟಣ ತೆಗೆದು, ಮೂಸಿ ನೋಡಿದಳು.

"ಇಷ್ಟೂ ಒಬ್ಬರೇ ತಿಂದ್ರಾ?"